ಒಗ್ಗರಣೆಯಿಲ್ಲದ ಮನೆಗಳ ಲೆಕ್ಕ

ನನಗೆ ಕೂತಲ್ಲಿ ಕೂತು ಗೊತ್ತಿಲ್ಲ. ಈಗಲೂ ಅಷ್ಟೇ, ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹಜಾರದ ತುಂಬ ಓಡಾಡುತ್ತೇನೆ ಎಂದು ಮನೆಯವರು ಬೈಯುತ್ತಾರೆ. ಹಲಸೂರಿನ ನಮ್ಮ ಬೀದಿಯಲ್ಲಿ ಆಗ ನನ್ನನ್ನು ಕರೆಯುತ್ತಿದ್ದುದೇ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು. ಎರಡನೇ ಮಹಾಯುದ್ಧದ ಕಾಲ ಅದು. ದಂಡಿನ, ಅಂದರೆ ಕಂಟೋನ್ಮೆಂಟಿನ, ತುಂಬ ಸಿಪಾಯಿಗಳು, ಲಾರಿಗಳು. ಅಕ್ಕಿಗೊಂದು ಸಾಲು, ಸೀಮೆಎಣ್ಣೆಗೊಂದು ಸಾಲು. ದಂಡಿನ ಆರೋಗ್ಯ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಈ ಓಡಾಟದ ಚಾಳಿಯಿಂದಲೇ ಇರಬೇಕು. ಹತ್ತೊಂಬತ್ತು ವರ್ಷ, ಓದುಬರಹ ಬರುತ್ತಿತ್ತು, ಕನ್ನಡ ತಮಿಳು ಎರಡೂ ಸಲೀಸು, ದಖನಿ ಅರ್ಧಂಬರ್ಧ. ಹೆಂಗಸಾದ್ದರಿಂದ ಯಾರ ಮನೆಯ ಅಡುಗೆಮನೆಯವರೆಗೂ ನುಗ್ಗಬಹುದು. ಅವರಿಗೆ ಅಷ್ಟು ಸಾಕಿತ್ತು.

ಕೆಲಸವೆಂದರೆ ಸಿಡುಬು ಎಷ್ಟು ಜನಕ್ಕೆ ಬಂದಿದೆ ಎಂದು ತಿಳಿದುಕೊಂಡು ಬರುವುದು. ಕೇಳಲು ಸುಲಭ. ಮಾಡಿ ನೋಡಿದವರಿಗೆ ಗೊತ್ತು.

ಕಚೇರಿಯ ಡಾಕ್ಟರು ತಮಿಳಿನವರು, ವಯಸ್ಸಾದವರು, ಮೆಲುದನಿ. ಮೊದಲ ದಿನವೇ ನನ್ನ ಮುಂದೆ ಒಂದು ಪಟ್ಟಿ ಇಟ್ಟರು. ಅದರಲ್ಲಿ ಒಂಬತ್ತು ಹೆಸರು.

"ವರದಿ ಆಗಿರೋದು ಇಷ್ಟು" ಎಂದರು. "ನಂಗೆ ಈ ಒಂಬತ್ತು ಬೇಡಮ್ಮಾ. ಇರೋದೆಷ್ಟು, ಅದು ಹೇಳು."

"ಎಲ್ರೂ ಮುಚ್ಚಿಡ್ತಾರೆ ಸಾರ್, ಹೆಂಗೆ ಹೇಳೋದು?"

"ಅದಕ್ಕೇ ತಾನೇ ನಿನ್ನ ಇಟ್ಕೊಂಡಿರೋದು?"

ಮುಚ್ಚಿಡುವುದಕ್ಕೆ ಕಾರಣ ಗಾಡಿ. ಸಿಡುಬು ಇದೆ ಎಂದು ಗೊತ್ತಾದರೆ ಗಾಡಿ ಬಂದು ರೋಗಿಯನ್ನು ಊರಾಚೆಯ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ಅಲ್ಲಿ ಒಳ್ಳೆಯದಾಗುತ್ತಿತ್ತೋ ಕೆಟ್ಟದ್ದಾಗುತ್ತಿತ್ತೋ, ಜನಕ್ಕೆ ಅದು ಬೇಕಿರಲಿಲ್ಲ. ಮನೆಗೆ ಬಂದ ಅಮ್ಮನನ್ನು ಬಾಗಿಲು ದಾಟಿಸಿ ಕಳಿಸುವುದೇ ಮಹಾ ಅಪಚಾರ. ಸಿಡುಬು ಎಂಬ ಮಾತನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಎಂದರೆ ಮುಗಿಯಿತು.

ಮೊದಲು ಬೇವಿನ ಸೊಪ್ಪು ಎಣಿಸಿದೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವು ಸಿಕ್ಕಿಸುವುದು ವಾಡಿಕೆಯಲ್ಲವೇ, ಎಣಿಸಿದರಾಯಿತು ಎಂದುಕೊಂಡೆ. ಎರಡೇ ದಿನಕ್ಕೆ ನನ್ನ ಜಾಣತನ ಮಣ್ಣುಮುಕ್ಕಿತು. ನಿಜವಾಗಿ ಅಮ್ಮ ಬಂದವರು ಗಾಡಿಯ ಹೆದರಿಕೆಗೆ ಬೇವನ್ನು ಒಳಗೆ, ಹಾಸಿಗೆಯ ಮಗ್ಗುಲಲ್ಲಿ ಬಚ್ಚಿಡುತ್ತಿದ್ದರು. ಕಾಯಿಲೆ ಏನೂ ಇಲ್ಲದವರು, ನಮ್ಮ ಕಚೇರಿಯ ಇನ್‌ಸ್ಪೆಕ್ಟರು ಮನೆಯೊಳಗೆ ಬಾರದಿರಲಿ ಎಂದು, ಹೊರಗೆ ಕಟ್ಟುಗಟ್ಟಲೆ ನೇತುಹಾಕುತ್ತಿದ್ದರು. ಆಗ ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದ ಈಗಿನ ಶಿವಾಜಿನಗರದಲ್ಲಿ ಒಬ್ಬಳಂತೂ, "ಬೇವು ನೋಡಿದ್ರೂ ಒಳಗೆ ಬರ್ತೀಯಲ್ಲೇ, ನಿಂಗೇನು ಜೀವದ ಮೇಲೆ ಆಸೆ ಇಲ್ವಾ?" ಎಂದು ಚೆನ್ನಾಗಿ ಬೈದಳು. ಒಳಗೆ ನೋಡಿದರೆ ಆರು ಜನ ಗುಂಡುಕಲ್ಲಿನ ಹಾಗೆ ಕೂತು ಮುದ್ದೆ ಉಣ್ಣುತ್ತಿದ್ದರು.

ಆಮೇಲೆ ಹೊಳೆದದ್ದು ಒಗ್ಗರಣೆ.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯುವ ಸದ್ದು, ಎಣ್ಣೆ ಕಾಯುವ ಘಾಟು, ಯಾವುದೂ ಅಮ್ಮನಿಗೆ ಆಗದು. ಬೇವನ್ನು ಬಚ್ಚಿಡಬಹುದು, ಮಗುವನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಬಹುದು. ಆದರೆ ಗಾಡಿಗೆ ಹೆದರಿ ಒಗ್ಗರಣೆ ಹಾಕುವಷ್ಟು ಧೈರ್ಯ ಯಾವ ತಾಯಿಗೂ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಎಲ್ಲರ ಮನೆಯಲ್ಲೂ ಸಾರು ಇಳಿಸುವ ಹೊತ್ತಿಗೆ, ನಾನು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯತೊಡಗಿದೆ. ಚುಂಯ್ ಎಂದ ಮನೆಗೆ ಒಂದು ಗೀಟು. ಸುಮ್ಮನಿದ್ದ ಮನೆಗೆ ಒಂದು ಚುಕ್ಕಿ.

ಚುಕ್ಕಿಯೆಲ್ಲ ಅಮ್ಮನೇ ಅಲ್ಲ, ಅದೂ ಗೊತ್ತಿತ್ತು. ಯುದ್ಧದ ಕಾಲದಲ್ಲಿ ಎಷ್ಟೋ ಮನೆಯಲ್ಲಿ ಒಗ್ಗರಣೆಗೆ ಎಣ್ಣೆಯೇ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಬೀದಿಯಲ್ಲೂ ಕೆಲವು ಚುಕ್ಕಿಯ ಮನೆಗಳಿಗೆ ಏನೋ ನೆಪ ಹೇಳಿಕೊಂಡು ಒಳಗೆ ಹೋಗುತ್ತಿದ್ದೆ. ಒಂದು ಲೋಟ ನೀರು ಕೊಡಿ ಎನ್ನುವುದು, ಬಾಡಿಗೆಗೆ ಕೋಣೆ ಇದೆಯಾ ಎನ್ನುವುದು. ಇಂಥ ನಾಲ್ಕು ಮನೆ ಹೊಕ್ಕರೆ ಹೆಚ್ಚುಕಡಿಮೆ ಮೂರರಲ್ಲಿ ಯಾರೋ ಮಲಗಿರುತ್ತಿದ್ದರು, ಒಂದರಲ್ಲಿ ಎಣ್ಣೆ ಇರುತ್ತಿರಲಿಲ್ಲ. ಅದನ್ನೇ ಹಿಡಿದು ಉಳಿದ ಚುಕ್ಕಿಗಳಿಗೂ ಲೆಕ್ಕ ಹಾಕಿದೆ.

ಡಾಕ್ಟರು ನನ್ನ ಪುಸ್ತಕ ನೋಡಿ ಬಿದ್ದುಬಿದ್ದು ನಕ್ಕರು. "ಏನಮ್ಮಾ, ಮೂಗಿನಿಂದ ಲೆಕ್ಕ ಮಾಡ್ತೀಯಾ? ಮೂವತ್ತು ವರ್ಷ ಸರ್ವೀಸು ನಂದು, ಇದು ಹೊಳೀಲೇ ಇಲ್ಲ ನೋಡು!" ಎಂದರು. ಆಮೇಲೆ ಎರಡು ಬೀದಿಯನ್ನು ತಾವೇ ಹೊಕ್ಕು ತಾಳೆ ನೋಡಿದರು. ಸರಿಹೋಯಿತು. ಅವತ್ತಿನಿಂದ ಕಚೇರಿಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಕೊಂಬು ಬಂದುಬಿಟ್ಟಿತು.

ಆದರೆ ನೆಮ್ಮದಿ ಹೋಯಿತು. ದಾರಿಯಲ್ಲಿ ನಡೆಯುವಾಗ ಯಾವ ಮನೆಯ ಬಾಗಿಲು ಹಾಕಿದ್ದರೂ ನಿಂತು ಕಿವಿಗೊಡುತ್ತಿದ್ದೆ. ಮಾರ್ಕೆಟ್ಟಿನಲ್ಲಿ ಪಕ್ಕದಲ್ಲಿ ನಿಂತವಳು ತಲೆ ಬಾಚಿಲ್ಲ, ಇವಳ ಮನೆಯಲ್ಲೂ ಇದೆಯೇನೋ ಎನ್ನಿಸುತ್ತಿತ್ತು. ನೋಡಿದ್ದು ಇಷ್ಟಾದರೆ ನೋಡದ್ದು ಎಷ್ಟು? ನಮ್ಮ ಮನೆಗೆ ಬಂದರೆ ಸಾಕು, ಮೊದಲು ಅಕ್ಕನ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದೆ.

ಅಕ್ಕನ ವಿಷಯ ಹೇಳಬೇಕು. ಅವಳು ನನಗಿಂತ ಆರು ವರ್ಷ ದೊಡ್ಡವಳು. ನನ್ನನ್ನು ಆಡಿಸಲು ಯಾರೂ ಇಲ್ಲವೆಂದು ಅವ್ವ ಅವಳನ್ನು ಶಾಲೆಗೆ ಹಾಕಲೇ ಇಲ್ಲ. ಅವಳು ಮನೆಯಲ್ಲಿ ಉಳಿದದ್ದರಿಂದ ನಾನು ಓದಿದೆ. ಭಾವ ಪಟಾಲಮ್ಮಿಗೆ ಸೇರಿ ಬರ್ಮಾದ ಕಡೆ ಹೋಗಿದ್ದರು. ಅಕ್ಕ ಹೆರಿಗೆಗೆ ಬಂದವಳು ನಮ್ಮ ಜೊತೆಯೇ ಉಳಿದಿದ್ದಳು. ಹೆಣ್ಣುಮಗು, ಎಂಟು ತಿಂಗಳು. ಭಾವ ಇನ್ನೂ ಅದರ ಮುಖ ನೋಡಿರಲಿಲ್ಲ. ನಾನು ಬಾಗಿಲಿಗೆ ಬಂದರೆ ಸಾಕು, ಗೋಡೆ ಹಿಡಿದುಕೊಂಡು ನಿಂತು, ನಿಂತ ಖುಷಿಗೆ ಕೈಬಿಟ್ಟು, ಧೊಪ್ಪನೆ ಕೂರುತ್ತಿತ್ತು. ಆ ಮಗುವಿಗೆ ದಾಕು ಹಾಕಿಸಿರಲಿಲ್ಲ. ತೋಳಿನ ಮೇಲೆ ಗೀರಿ ಮದ್ದು ಹಚ್ಚುವುದನ್ನು ನಮ್ಮ ಕಡೆ ದಾಕು ಎನ್ನುತ್ತಿದ್ದೆವು. ಅದೊಂದು ಆಗಿದ್ದರೆ ಸಿಡುಬಿನ ಭಯವಿಲ್ಲ.

"ದಾಕು ಹಾಕೋರನ್ನ ಮನೆಗೇ ಕರ್ಕೊಂಡ್ ಬರ್ತೀನಿ ಅಕ್ಕ, ಒಂದ್ ನಿಮಿಷದ ಕೆಲ್ಸ" ಎಂದು ದಿನಾ ಕಾಡುತ್ತಿದ್ದೆ.

"ಅಮ್ಮ ಬೀದೀಲಿ ಓಡಾಡ್ತಿರೋವಾಗ ಮಗು ಮೈ ಗೀರಿಸ್ತಾರೇನೆ? ನನ್ ಮಗೂನೇ ಕಣ್ಣಿಗೆ ಬೀಳ್ಬೇಕಾ ಅವಳಿಗೆ?"

"ನಿಂಗೆ ಎಷ್ಟ್ ಸಲ ಹೇಳೋದು ಮಾರಾಯ್ತಿ!"

"ಕಿರುಚ್ಬೇಡ. ಬೀದೀಲಿ ಎಲ್ರೂ ಹಾಕಿಸ್ಲಿ, ನಾನೂ ಹಾಕಿಸ್ತೀನಿ. ಮೊದಲ್ನೇವಳು ಮಾತ್ರ ನಾನಾಗಲ್ಲ."

ಅಷ್ಟೇ ಸಾಕಾಗಿತ್ತು ನನಗೆ. ಬೀದಿಗೆ ದಾಕಿನವರು ಬಂದರೆ ಮಗು ಉಳಿಯಿತು. ಮನೆಮನೆಗೆ ಹೋಗಿ ಹೆಂಗಸರ ತಲೆ ತಿಂದೆ. ಎದುರುಮನೆಯ ತಮಿಳು ಅಜ್ಜಿ ಪಾಟಿಯಿಂದ ಹಿಡಿದು ಮೂಲೆಯ ಹೂವಿನವಳವರೆಗೆ ಎಲ್ಲರನ್ನೂ ಒಪ್ಪಿಸಿದೆ. ಇನ್ನು ಮದ್ದು ಬರುವುದೊಂದು ಬಾಕಿ.

ಮದ್ದು ಬರುವುದೇ ಕಷ್ಟವಾಗಿತ್ತು ಆಗ. ಸಣ್ಣ ಸಣ್ಣ ಗಾಜಿನ ಕೊಳವೆಗಳಲ್ಲಿ, ಮರದ ಪೆಟ್ಟಿಗೆಯಲ್ಲಿ, ಐಸಿನ ನಡುವೆ ಬರುತ್ತಿತ್ತು. ಐಸು ಕರಗಿ ಬಿಸಿ ತಾಕಿದರೆ ಮದ್ದು ಸತ್ತಂತೆ, ಗೀರಿದರೂ ಪ್ರಯೋಜನವಿಲ್ಲ. ಒಂದು ಸೋಮವಾರ ಎರಡು ಪೆಟ್ಟಿಗೆ ಬಂತು. ಡಾಕ್ಟರು ನನ್ನನ್ನು ಕರೆದರು.

"ಮೂರು ದಿನ ತಡೀಬಹುದು ಈ ಐಸು" ಎಂದರು. "ದಾಕು ಹಾಕೋ ಜನಾನೆಲ್ಲ ಒಂದೇ ಕಡೆ ಕಳಿಸ್ಬೇಕು. ಎಲ್ಲಿ ಜಾಸ್ತಿ ಇದೆ, ಅಲ್ಲಿಗೆ. ಹೇಳಮ್ಮಾ."

ನನ್ನ ಪುಸ್ತಕದಲ್ಲಿ ಆ ವಾರ ಎರಡು ಪುಟ ಕಣ್ಣಿಗೆ ಹೊಡೆಯುತ್ತಿದ್ದವು. ಒಂದು ನಮ್ಮ ಬೀದಿ, ನಲವತ್ತು ಮನೆಗೆ ನಾಲ್ಕು ಚುಕ್ಕಿ. ಇನ್ನೊಂದು ಲಿಂಗರಾಜಪುರದಾಚೆ ಹೊಲಗಳ ನಡುವೆ ಇದ್ದ ಒಂದು ಸಣ್ಣ ಊರು. ಹಿಂದಿನ ದಿನ ಅಲ್ಲಿಗೆ ಹೋಗಿದ್ದೆ. ಊರಬಾಗಿಲಿಗೆ ಬೇವು ಕಟ್ಟಿ, ಕೋಲು ಹಿಡಿದ ಇಬ್ಬರು ಕೂತಿದ್ದರು. ಹೊರಗಿನೋರು ಬರೋ ಹಂಗಿಲ್ಲ ಎಂದು ನನ್ನನ್ನು ಅಲ್ಲೇ ತಡೆದರು. ನಾನು ಬಿಡುವವಳೇ? ಹೊಲದ ಬದುವಿನ ಮೇಲೆ ಊರನ್ನು ಸುತ್ತುಹಾಕಿ, ಒಂದೊಂದು ಹಿತ್ತಿಲಿನ ಹಿಂದೆಯೂ ನಿಂತು ಕಿವಿಗೊಟ್ಟೆ. ಒಲೆ ಉರಿಯುತ್ತಿತ್ತು, ಹೊಗೆ ಏಳುತ್ತಿತ್ತು. ಒಂದೇ ಒಂದು ಮನೆಯಲ್ಲೂ ಒಗ್ಗರಣೆ ಇಲ್ಲ! ಊರಿಗೆ ಊರೇ ಚುಕ್ಕಿ.

"ಅಲ್ಲಿಗೇ ಸಾರ್" ಎಂದೆ.

"ನಿಮ್ಮ ಬೀದೀಲೂ ಇದೆಯಲ್ಲಮ್ಮಾ. ಮನೇಲಿ ಸಣ್ಣ ಮಗು ಇದೆ ಅಂತಿದ್ದೆ?"

ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನಾಲ್ಕನ್ನು ಹದಿನಾಲ್ಕು ಮಾಡಲು ನನ್ನ ನಾಲಿಗೆ ತುರಿಸಿತು. ಮಾಡಲಿಲ್ಲ. ತನ್ನ ಮನೆಯ ಬೀದಿಗೆ ಎಳೆದುಕೊಂಡಳು ಎಂದು ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ನನ್ನ ಲೆಕ್ಕ ಎಂದರೆ ಲೆಕ್ಕ. "ಅಲ್ಲಿ ಮುಗಿಸಿ ನಮ್ಮಲ್ಲಿಗೆ ಬರೋಣ ಸಾರ್" ಎಂದೆ.

ಎರಡು ಪೆಟ್ಟಿಗೆ, ದಾಕು ಹಾಕುವ ಆರು ಜನ, ಡಾಕ್ಟರು, ನಾನು, ಎಲ್ಲ ಎತ್ತಿನಗಾಡಿಯಲ್ಲಿ ಹೋದೆವು. ಊರಬಾಗಿಲಲ್ಲಿ ಅದೇ ಇಬ್ಬರು. ಸ್ವಲ್ಪ ಹೊತ್ತಿಗೆ ಊರಿನ ಯಜಮಾನರು ಬಂದರು.

"ಊರಮ್ಮನ ಹಬ್ಬಕ್ಕೆ ಸಾರು ಹಾಕಿದೀವಿ ಬುದ್ಧಿ" ಎಂದು ಡಾಕ್ಟರಿಗೆ ಕೈಮುಗಿದರು. "ನಾಳೆ ಬಿಟ್ಟು ಬರೋ ಮಂಗಳವಾರದ ಗಂಟ ಹೊರಗಿನೋರು ಒಳಕ್ಕೆ ಬರಂಗಿಲ್ಲ, ಒಗ್ಗರಣೆ ಹಾಕಂಗಿಲ್ಲ, ಮೈಯಿಂದ ಒಂದು ತೊಟ್ಟು ರಕ್ತ ಬೀಳಂಗಿಲ್ಲ. ನಮ್ಮೂರಲ್ಲಿ ಯಾರಿಗೂ ಏನೂ ಆಗಿಲ್ಲ. ಆಗ್ದೇ ಇರ್ಲಿ ಅಂತಾನೇ ಈ ಕಟ್ಟು."

ಊರಮ್ಮನ ಹಬ್ಬ ಸಾರಿದ ಮೇಲೆ ಒಗ್ಗರಣೆ ನಿಲ್ಲಿಸುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹಲಸೂರಿನಲ್ಲೇ ಹುಟ್ಟಿಬೆಳೆದವಳು ನಾನು. ಆದರೆ ಅದು ಬೇಸಿಗೆಯ ಮಾತು. ಇದು ಮಾಗಿ ಚಳಿ. ಈ ಕಾಲದಲ್ಲಿ ಎಲ್ಲಿಯ ಹಬ್ಬ? ಮುಚ್ಚಿಡುವುದನ್ನು ದಿನಬೆಳಗಾದರೆ ನೋಡುತ್ತಿದ್ದವಳಿಗೆ ಇದು ಊರೇ ಸೇರಿ ಕಟ್ಟಿದ ಕಥೆ ಎನ್ನಿಸಿತು.

"ಸುಳ್ಳು ಸಾರ್" ಎಂದು ಡಾಕ್ಟರ ಕಿವಿಯಲ್ಲಿ ಹೇಳಿದೆ. "ಇಡೀ ಊರಿಗೆ ಬಂದಿದೆ. ಗಾಡಿಗೆ ಹೆದರಿ ಹಿಂಗಾಡ್ತಿದ್ದಾರೆ."

ಡಾಕ್ಟರು ಅವತ್ತು ಸಂಜೆಯವರೆಗೆ ಕಾದರು. ಮಂಗಳವಾರ ಮತ್ತೆ ಹೋದೆವು. ಬೇಡಿದರು, ಗದರಿಸಿದರು, ಗಾಡಿ ಕರೆಸುವುದಿಲ್ಲ ಎಂದು ಆಣೆ ಇಟ್ಟರು. ಊರಿನವರು ಜಗ್ಗಲಿಲ್ಲ. ಮಧ್ಯಾಹ್ನ ಡಾಕ್ಟರು ನನ್ನ ಕಡೆ ತಿರುಗಿ, "ಹಲಸೂರಿಗೆ ಹೋಗ್ಬಿಡೋಣ್ವಾ? ಐಸು ಅರ್ಧ ಆಗ್ಹೋಗಿದೆ" ಎಂದು ಕೇಳಿದರು.

ಹೂಂ ಎನ್ನಬೇಕಿತ್ತು ನಾನು. ಈ ಬಾಯಿಗೆ ಆಗಲೇ ಬರೆ ಹಾಕಬೇಕಿತ್ತು. "ನಾಳೆ ಒಂದು ದಿನ ನೋಡೋಣ ಸಾರ್, ಒಪ್ಪೇ ಒಪ್ತಾರೆ" ಎಂದೆ.

ಬುಧವಾರ ಊರಿನ ಒಬ್ಬಳು ಮುದುಕಿಗೆ ನನ್ನ ಗೋಳು ನೋಡಿ ತಡೆಯಲಾಗಲಿಲ್ಲ. "ಕಟ್ಟು ಮುರಿದ ಪಾಪ ನನಗೇ ಬರ್ಲಿ, ಬಾರವ್ವ, ನೋಡ್ಕೊಂಡೇ ಹೋಗು" ಎಂದು ಯಜಮಾನರ ಎದುರಿಗೇ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಮನೆಮನೆಗೂ ಹೋದೆವು. ಕೋಣೆ, ಹಟ್ಟಿ, ಅಟ್ಟ, ಯಾವುದನ್ನೂ ಬಿಡದೆ ತೋರಿಸಿದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸಿದಳು. ಒಂದು ಮೈಯ ಮೇಲೂ ಒಂದು ಬೊಕ್ಕೆ ಇಲ್ಲ. ಮಕ್ಕಳೆಲ್ಲ ನನ್ನನ್ನು ನೋಡಿ ಕಿಸಿಕಿಸಿ ನಗುತ್ತಿದ್ದವು. ದಂಡಿನಲ್ಲಿ ಅಮ್ಮ ಎದ್ದಿದ್ದಾಳೆ ಎಂಬ ಸುದ್ದಿ ಕೇಳಿ ಹಿರಿಯರು ಆ ವರ್ಷ ಹಬ್ಬವನ್ನು ಚಳಿಗಾಲಕ್ಕೇ ತಂದುಕೊಂಡಿದ್ದರು, ಅಷ್ಟೇ.

ನಾನು ಹೊರಗೆ ಬಂದಾಗ ಡಾಕ್ಟರು ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತಿದ್ದರು. ಒಳಗೆ ಬೆಚ್ಚಗಿನ ನೀರಿನಲ್ಲಿ ಕೊಳವೆಗಳು ತೇಲುತ್ತಿದ್ದವು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುಂದಿನ ಪೆಟ್ಟಿಗೆ ಬರೋಕೆ ಹತ್ತು ಹನ್ನೆರಡು ದಿನ ಆಗುತ್ತಮ್ಮಾ" ಎಂದರು. ಗಾಡಿಯಲ್ಲಿ ಕೂರಲಾಗದೆ ನಾನು ಇಳಿದು ಹಲಸೂರಿನವರೆಗೂ ನಡೆದುಕೊಂಡೇ ಬಂದೆ.

ಆ ಹನ್ನೆರಡು ದಿನ ನಾನು ಮನುಷ್ಯಳಾಗಿರಲಿಲ್ಲ. ಬೀದಿಯ ನಾಲ್ಕು ಚುಕ್ಕಿ ಆರಾಯಿತು, ಆರು ಒಂಬತ್ತಾಯಿತು. ಮಗುವಿನ ಹಣೆಯನ್ನು ಗಂಟೆಗೊಂದು ಸಲ ಮುಟ್ಟುತ್ತಿದ್ದೆ. "ಸುಮ್ನೆ ಇರೇ, ನೀನು ಮುಟ್ಟಿ ಮುಟ್ಟೀನೇ ಬಿಸಿಯಾಗುತ್ತೆ" ಎಂದು ಅವ್ವ ಗದರುತ್ತಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಮುಟ್ಟಿದೆ. ಬಿಸಿಯಾಗಿತ್ತು. ಅಕ್ಕನ ಮುಖ ನೋಡಿದೆ, ಅವಳಿಗೆ ಆಗಲೇ ಗೊತ್ತಿತ್ತು. ಹನ್ನೆರಡನೆಯ ದಿನ ಮಗುವಿನ ಹಣೆಯ ಮೇಲೆ ಬೊಕ್ಕೆ ಎದ್ದವು.

ಅದೇ ದಿನ ಹೊಸ ಪೆಟ್ಟಿಗೆ ಬಂತು. ಅದೇ ದಿನ ನಮ್ಮ ಬೀದಿಯ ಅರಳಿಕಟ್ಟೆಯ ಹತ್ತಿರ ದಾಕಿನವರು ಮೇಜು ಹಾಕಿದರು.

"ಗಾಡಿ ಕರೆಸಿದ್ರೆ ನೋಡು" ಎಂದಳು ಅಕ್ಕ. ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ನನ್ನ ರಟ್ಟೆ ಹಿಡಿದುಕೊಂಡಿದ್ದಳು. "ಇದನ್ನ ಕರ್ಕೊಂಡ್ ಹೋದ್ರೆ ನಾನು ಕೆರೆಗೆ ಬೀಳ್ತೀನಿ. ಅವರಪ್ಪ ಇನ್ನೂ ಮುಖ ನೋಡಿಲ್ಲ ಕಣೇ ಇದರದ್ದು."

ಕಟ್ಟೆಗೆ ಹೋದೆ. ಬೀದಿಗೆ ಬೀದಿಯೇ ಸಾಲು ನಿಂತಿತ್ತು. ನಾನೇ ಒಪ್ಪಿಸಿದ್ದ ಹೆಂಗಸರು, ಕಂಕುಳಲ್ಲಿ ಮಕ್ಕಳು. ಡಾಕ್ಟರು ನನ್ನ ಪುಸ್ತಕ ಕೈಗೆ ಕೊಟ್ಟು, ಮಲಗಿರುವವರ ಮನೆಗಳನ್ನು ಒಂದೊಂದಾಗಿ ಹೇಳಿಸಿ, ಪ್ರತಿ ಮನೆಯ ಸಂಖ್ಯೆಯ ಮುಂದೆ ಮಲಗಿದವರೆಷ್ಟು ಎಂದು ಬರೆಸಿದರು. ಒಂಬತ್ತನ್ನೂ ನಾನೇ ಓದಿ ಹೇಳಿದೆ. ಕೊನೆಗೆ ನಮ್ಮ ಮನೆಯ ಸಂಖ್ಯೆ ಬಂತು.

"ನಿಮ್ಮಕ್ಕ ಎಲ್ಲಮ್ಮಾ? ಮಗು?"

"ಊರಿಗೆ ಹೋಗಿದ್ದಾರೆ ಸಾರ್. ಅವರ ಅತ್ತೆ ಮನೆಗೆ."

ಸಾಲಿನಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಅಂದು ಬೆಳಿಗ್ಗೆ ನಮ್ಮ ಮನೆಗೆ ಬೇವು ತಂದುಕೊಟ್ಟವಳೇ ಎದುರುಮನೆಯ ಪಾಟಿ. ಆ ಹೆಂಗಸರ ಮನೆಯ ಕಾಯಿಲೆಯನ್ನೆಲ್ಲ ನಾನು ಮೂಗು ತೂರಿಸಿ ಹುಡುಕಿ ಬರೆದುಕೊಂಡಿದ್ದೆ. ಒಬ್ಬಳಾದರೂ ಬಾಯಿಬಿಡಬಹುದಿತ್ತು. ಯಾರೂ ಬಿಡಲಿಲ್ಲ. ಪಾಟಿ ತನ್ನ ಮೊಮ್ಮಗನ ತೋಳು ಮೇಜಿನ ಮೇಲಿಟ್ಟು, "ಸೀಕ್ರಂ ಪೋಡುಂಗೊ ಸಾರ್" ಎಂದು ತಮಿಳಿನಲ್ಲಿ ಅವಸರಪಡಿಸಿ ಡಾಕ್ಟರ ಗಮನ ಬೇರೆ ಕಡೆ ಎಳೆದಳು. ನಾನು ನಮ್ಮ ಮನೆಯ ಸಂಖ್ಯೆಯ ಮುಂದೆ ನನ್ನ ಕೈಯಾರೆ ಸೊನ್ನೆ ಸುತ್ತಿದೆ. ಊರೆಲ್ಲ ಸುಳ್ಳು ಹೇಳುತ್ತಾರೆ ಎಂದು ಹಲ್ಲು ಕಡಿಯುತ್ತಿದ್ದವಳಿಗೆ ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎನ್ನುತ್ತೀರಿ!

ಮಗು ಎಂಟು ದಿನ ಇತ್ತು. ಮೊದಲ ಪೆಟ್ಟಿಗೆ ಬಂದ ಆ ಸೋಮವಾರವೇ ದಾಕು ಹಾಕಿಸಿದ್ದರೆ ಉಳಿಯುತ್ತಿತ್ತೇ? ಆಮೇಲೆ ನಾನು ಎಲ್ಲವನ್ನೂ ಒಪ್ಪಿಕೊಂಡು ಕೇಳಿದಾಗ ಡಾಕ್ಟರು, "ಇರಬಹುದು, ಇಲ್ದೇನೂ ಇರಬಹುದು" ಎಂದರು. ಅವರು ಒಳ್ಳೆಯವರು. ನಾನು ಮಾತ್ರ ಉಳಿಯುತ್ತಿತ್ತು ಎಂದೇ ನಂಬಿದ್ದೇನೆ.

ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಅಕ್ಕ ಒಳಗಿನಿಂದ ನನ್ನ ಪುಸ್ತಕ, ಪೆನ್ಸಿಲು ತಂದು ತೊಡೆಯ ಮೇಲೆ ಹಾಕಿದಳು.

"ಬರ್ಕೊ" ಎಂದಳು.

"ಏನಕ್ಕ?"

"ಅವಳ್ನ ಬರ್ಕೊಳೇ. ಊರಲ್ಲಿರೋ ಮಕ್ಕಳನ್ನೆಲ್ಲ ಬರ್ಕೊಂಡಿದ್ದೀಯಲ್ಲ. ನನ್ ಮಗು ಒಂದು ಯಾರ್ ಲೆಕ್ಕದಲ್ಲೂ ಇಲ್ದೇ ಹೋಗ್ಬಾರ್ದು."

ನಮ್ಮ ಬೀದಿಯ ಪುಟ ತೆಗೆದೆ. ನಮ್ಮ ಮನೆಯ ಮುಂದಿನ ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆದೆ. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ಓದಲು ಬಾರದು. ನಾನು ಬರೆದದ್ದರ ಮೇಲೆ ಮೆಲ್ಲಗೆ ಬೆರಳಿಟ್ಟಳು.

"ಇದೇನಾ ಅವಳು?" ಎಂದು ಕೇಳಿದಳು.

"ಹೂಂ ಅಕ್ಕ" ಎಂದೆ.